ಬಟ್ಟೆ ಹಿಡಿದು ಜನರೇಟರ್ ಆರಿಸಿದವರು

ನಮ್ಮವರು ಮಲಗುತ್ತಿದ್ದದ್ದು ಹಲಗೆಯ ಹಾಗೆ. ಅಂಗಾತ, ಎರಡು ಕೈ ಎದೆಯ ಮೇಲೆ, ಎರಡು ಪಾದ ಜೋಡಿಸಿ. ಒಮ್ಮೆ ಹಾಗೆ ಮಲಗಿದರೆ ಬೆಳಗಿನ ತನಕ ಮಗ್ಗುಲು ಬದಲಿಸುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಇದನ್ನು ಕಂಡು ಹೆದರಿದ್ದೆ. ಚಾಪೆ ಅಗಲವಾಗಿತ್ತು, ಕೋಣೆ ಅದಕ್ಕಿಂತ ಅಗಲವಾಗಿತ್ತು. ಆದರೂ ಅವರು ಒಂದು ಅಂಚಿನಲ್ಲಿ ಯಾರಿಗೂ ತಾಗದ ಹಾಗೆ ಬಿದ್ದಿರುತ್ತಿದ್ದರು. ಉಸಿರಾಡುತ್ತಾರೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳು ಹಿಡಿದು ನೋಡಿದ್ದೂ ಉಂಟು. ಬೆಳಿಗ್ಗೆ ಅತ್ತೆಯ ಹತ್ತಿರ ಹೇಳಿದಾಗ ಅವರು ನಕ್ಕುಬಿಟ್ಟರು. ಮಗ ಮುಂಬಯಿಯ ಹೋಟೆಲಿನಲ್ಲಿ ಎರಡು ಟೇಬಲ್ ಜೋಡಿಸಿ ಅದರ ಮೇಲೆ ಮಲಗಿ ಅಭ್ಯಾಸವಾದವನು, ಮಗ್ಗುಲಾದರೆ ಕೆಳಗೆ ಬೀಳುತ್ತಾನೆ, ಅದಕ್ಕೇ ಹಾಗೆ ಎಂದರು.

ಅವರು ತೀರಿಕೊಂಡದ್ದು ಒಂದು ಜನರೇಟರಿನಿಂದ. ಮೂರು ಜನರೇಟರು ನೋಡಿ, ಅದರಲ್ಲಿ ಒಂದನ್ನು ಆರಿಸಿ, ತಾವೇ ಹೊತ್ತು ತಂದದ್ದು. ಇಷ್ಟು ಕಾಲವಾದರೂ ಈ ಎರಡು ಮಾತನ್ನು ಒಟ್ಟಿಗೆ ಹೇಳುವಾಗ ನಾನು ಬೇರೆ ಯಾರದೋ ಮನೆಯ ಸುದ್ದಿ ಹೇಳುತ್ತಿದ್ದೇನೆ ಅನಿಸುತ್ತದೆ.

ಅವರು ಸಣ್ಣ ಪ್ರಾಯದಲ್ಲೇ ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದು ಬೈಕುಲ್ಲಾದ ಒಂದು ಉಡುಪಿ ಹೋಟೆಲಿಗೆ ಸೇರಿದವರು. ಮೊದಲು ಲೋಟ ತೊಳೆದರು, ಆಮೇಲೆ ಸಪ್ಲೈಯರ್ ಆದರು, ಕೊನೆಗೆ ಹುಡುಗರನ್ನೆಲ್ಲ ನೋಡಿಕೊಳ್ಳುವ ಸೂಪರ್‌ವೈಸರ್ ಆದರು. ಅವರ ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಬಟ್ಟೆ ಇರುತ್ತಿತ್ತು. ಅದು ಟೇಬಲ್ ಒರೆಸುವ ಬಟ್ಟೆಯಲ್ಲ. ಒರೆಸಿದ್ದು ಸರಿಯಾಯಿತೋ ಎಂದು ನೋಡುವ ಬಟ್ಟೆ. ಹುಡುಗರು ತೊಳೆದಿಟ್ಟ ಲೋಟದೊಳಗೆ ಅದರ ತುದಿಯನ್ನು ತೂರಿಸಿ ಒಂದು ಸುತ್ತು ತಿರುಗಿಸಿ ಬೆಳಕಿಗೆ ಹಿಡಿಯುತ್ತಿದ್ದರು. ಕಲೆ ಕಂಡರೆ ಬೈಯುತ್ತಿರಲಿಲ್ಲ. ಬಟ್ಟೆಯನ್ನು ಹುಡುಗನ ಕೈಗೆ ಕೊಟ್ಟು ಸುಮ್ಮನೆ ನಿಲ್ಲುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎಂದು ಹುಡುಗರು ಹೇಳುತ್ತಿದ್ದರಂತೆ. "ಕಣ್ಣ್ ಸುಳ್ಳ್ ಹೇಳತ್ತ್, ಬಟ್ಟೆ ಹೇಳೂದಿಲ್ಲೆ" ಎನ್ನುವುದು ಅವರ ಮಾತು.

ರಜೆಯಲ್ಲಿ ಊರಿಗೆ ಬಂದಾಗಲೂ ಅದೇ. ಎಲ್ಲರೂ ಊಟಕ್ಕೆ ಕೂತರೆ ಅವರು ಕೂರುತ್ತಿರಲಿಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು ಯಾರ ಬಾಳೆಲೆಯಲ್ಲಿ ಏನು ಮುಗಿಯಿತು ಎಂದು ನೋಡುತ್ತಿದ್ದರು. ಕೇಳುವ ಮೊದಲೇ ಸಾರು ಬಂದಿರುತ್ತಿತ್ತು. ನಾನು ಹೆತ್ತದ್ದು ಮಗನನ್ನೋ ಸಪ್ಲೈಯರನ್ನೋ ಎಂದು ಅತ್ತೆ ಗೊಣಗುತ್ತಿದ್ದರು. ಒಮ್ಮೆ ಅಂಗಳದಲ್ಲಿದ್ದ ನನ್ನ ಅಪ್ಪಯ್ಯ ನೀರು ಬೇಕೆಂದಾಗ, ಜಗಲಿಯಲ್ಲಿದ್ದ ಇವರು ಅಡುಗೆಮನೆಯ ಕಡೆ ತಿರುಗಿ "ಒಂದ್ ಸಾದಾ ಪಾನಿ" ಎಂದು ಕೂಗಿಬಿಟ್ಟರು. ಕೂಗಿದ ಮೇಲೆ ತಾವೇ ನಾಚಿಕೊಂಡು ಬಾವಿಕಟ್ಟೆಗೆ ಹೋಗಿ ಕೂತರು.

ನಮ್ಮ ಸಂಸಾರ ವರ್ಷಕ್ಕೊಂದು ತಿಂಗಳಿನದು. ಉಳಿದ ತಿಂಗಳು ಅವರು ಮುಂಬಯಿಯಲ್ಲಿ, ನಾನು ಅತ್ತೆಯ ಜೊತೆಗೆ ಊರಿನಲ್ಲಿ. ನಮ್ಮ ಕಡೆ ಹೋಟೆಲಿಗೆ ಹೋದವರ ಹೆಂಡಿರೆಲ್ಲ ಹಾಗೇ ಇದ್ದರು, ಅದೇನೂ ದೊಡ್ಡ ಕಷ್ಟವೆಂದು ನಾನು ತಿಳಿದಿರಲಿಲ್ಲ. ಅವರಿಗೆ ಮಾತ್ರ ಅದನ್ನು ಸಹಿಸಲಾಗುತ್ತಿರಲಿಲ್ಲ. ಮುಂಬಯಿಯಲ್ಲಿ ಒಂದು ಕೋಣೆ ಮಾಡಿ ನನ್ನನ್ನು ಕರೆದುಕೊಂಡು ಹೋಗಬೇಕು, ಇಬ್ಬರೂ ಒಂದು ಮನೆಯಲ್ಲಿ ಇರಬೇಕು. ಅವರಿಗೆ ಬೇಕಾದದ್ದು ಅದೊಂದೇ. ಕುರ್ಲಾದಲ್ಲಿ ನೋಡಿದರು, ಪರೇಲಿನ ಚಾಳುಗಳಲ್ಲಿ ನೋಡಿದರು. ಎಲ್ಲ ಕಡೆ ಪಗಡಿ ಎಂದು ಮೊದಲೇ ದೊಡ್ಡ ಮೊತ್ತ ಕೇಳುತ್ತಿದ್ದರು, ಅದನ್ನು ಕೊಡುವ ಶಕ್ತಿ ಇರಲಿಲ್ಲ. ಪ್ರತಿ ಸಲ ರಜೆ ಮುಗಿಸಿ ಹೊರಡುವಾಗ "ಬಪ್ಪ ವರ್ಷ ಕರ್ಕಂಡ್ ಹೋತೆ" ಎನ್ನುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ.

ಪಾಕಿಸ್ತಾನದ ಯುದ್ಧವಾಗಿ ಮುಂಬಯಿಯಲ್ಲಿ ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿದ್ದರಲ್ಲ, ಅದರ ಮರುವರ್ಷ ಅವರು ಊರಿಗೆ ಬಂದಾಗ ಮುಖವೇ ಬೇರೆ ಇತ್ತು. ಚೀಲ ಇಳಿಸುವ ಮೊದಲೇ ಹೇಳಿದರು, "ಮನಿ ಸಿಕ್ಕಿತ್ ಮಾರಾಯ್ತಿ."

ಎಲ್ಲಿ ಎಂದು ಕೇಳಿದೆ. ಮಲಾಡಿನಲ್ಲಿ ಎಂದರು. ಚಾಳೋ ಬಿಲ್ಡಿಂಗೋ ಎಂದು ಕೇಳಿದೆ. ಅವರು ಕೆಳಗೆ ನೋಡಿ, "ಗಾಡಿ" ಎಂದರು.

ನನಗೆ ಅರ್ಥವಾಗಲಿಲ್ಲ. ಆಗಿನ ದಿನಗಳಲ್ಲಿ ಬಿಳಿಯರ ಹುಡುಗ ಹುಡುಗಿಯರು ತಮ್ಮ ದೇಶದಿಂದ ರಸ್ತೆಯಲ್ಲೇ ವ್ಯಾನು ಓಡಿಸಿಕೊಂಡು ಇಲ್ಲಿಯ ತನಕ ಬರುತ್ತಿದ್ದರು. ಅಂಥ ಒಂದು ಜೋಡಿಯ ವ್ಯಾನು ಬೈಕುಲ್ಲಾದ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ಕೆಟ್ಟು ನಿಂತಿತ್ತು. ಹುಡುಗಿಗೆ ಜ್ವರವೆಂದು ಇವರು ಇಡ್ಲಿ ತೆಗೆದುಕೊಂಡು ಹೋದರು. ಬಾಗಿಲಲ್ಲಿ ನಿಂತು ಒಳಗೆ ನೋಡಿದರೆ ಮಂಚ ಇದೆ, ಒಲೆ ಇದೆ, ಮಡಚುವ ಟೇಬಲ್ ಇದೆ, ಪಾತ್ರೆ ತೊಳೆಯುವ ತೊಟ್ಟಿ ಇದೆ, ಕಿಟಕಿಗೆ ಪರದೆ ಇದೆ. ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಎರಡು ಬ್ಯಾಟರಿ ಇಟ್ಟು ಅದರಿಂದ ದೀಪ ಉರಿಸುತ್ತಿದ್ದರು. ಇಷ್ಟು ವರ್ಷ ಟೇಬಲ್ ಮೇಲೆ ಮಲಗಿದ ಮನುಷ್ಯ ಇಡ್ಲಿ ಕೊಡುವುದನ್ನೂ ಮರೆತು ನೋಡುತ್ತ ನಿಂತರಂತೆ. ಇಂಜಿನ್ ಪೂರ್ತಿ ಹೋಗಿತ್ತು. ಪರದೇಶದ ಗಾಡಿ, ಕಾಗದಪತ್ರದ ರಗಳೆ ಬೇರೆ, ಇಲ್ಲಿಯ ರಸ್ತೆಯಲ್ಲಿ ಮತ್ತೆ ಓಡಿಸುವ ಹಾಗಿರಲಿಲ್ಲ. ಆ ಜೋಡಿ ವಾಪಸು ಹೋಗುವಾಗ ಗುಜರಿಯವನು ಕೊಡುವುದನ್ನೇ ಇವರು ಕೊಟ್ಟು ಅದನ್ನು ಇಟ್ಟುಕೊಂಡರು. ಮಲಾಡಿನಲ್ಲಿ ಒಬ್ಬ ಕ್ರಿಶ್ಚಿಯನ್ ಮುದುಕಿಯ ವಾಡಿ ಇತ್ತು, ತೆಂಗು, ಬಾವಿ, ಮೂಲೆಯಲ್ಲಿ ಖಾಲಿ ಜಾಗ. ಅಲ್ಲಿಗೆ ಲಾರಿಗೆ ಕಟ್ಟಿ ಎಳೆಸಿಕೊಂಡು ಹೋಗಿ ನಿಲ್ಲಿಸಿದರು.

"ಒಂದ್ ಸಲ ಬಂದ್ ಕಾಣ್. ಬ್ಯಾಡ ಅಂದ್ರೆ ವಾಪಾಸ್ ತಂದ್ ಬಿಡ್ತೆ" ಎಂದರು. ಅತ್ತೆ ಒಂದು ವಾರ ಮಗನ ಹತ್ತಿರ ಮಾತಾಡಲಿಲ್ಲ. ಮನೆಯ ಸೊಸೆಯನ್ನು ಸರ್ಕಸ್ಸಿನವರ ಹಾಗೆ ಗಾಡಿಯಲ್ಲಿ ಇಡುತ್ತಾನೆ ಎಂದು ಊರಿಗೆಲ್ಲ ಹೇಳಿದರು. ಹೊರಡುವ ದಿನ ಮಾತ್ರ ಒಂದು ಕೊಪ್ಪರಿಗೆಯಷ್ಟು ಸಾಮಾನು ಕಟ್ಟಿಕೊಟ್ಟರು.

ನಾನು ಕಂಡೆ. ಬೇಡ ಅನ್ನಲಿಲ್ಲ. ಎಲ್ಲ ಕೈಗೆ ಎಟುಕುವ ಹಾಗೆ ಇತ್ತು, ಕೂತಲ್ಲೇ ಒಗ್ಗರಣೆ ಹಾಕಿ ಕೂತಲ್ಲೇ ಕಿಟಕಿಯಿಂದ ಬಾವಿ ನೋಡಬಹುದಿತ್ತು. ಹೋಟೆಲಿನಲ್ಲಿ ಅವರಿಗೆ 'ಗಾಡಿ ಶೆಟ್ರು' ಎಂದು ಹೆಸರು ಬಿತ್ತು. ಈ ಸಲ ಮನೆ ಕೊಲ್ಹಾಪುರಕ್ಕೋ ಪೂನಾಕ್ಕೋ ಎಂದು ಗಿರಾಕಿಗಳೂ ತಮಾಷೆ ಮಾಡುತ್ತಿದ್ದರು. ಅವರು ನಗುತ್ತ ಬಿಲ್ಲು ತಂದಿಡುತ್ತಿದ್ದರಂತೆ. ಬೈಕುಲ್ಲಾದಿಂದ ಹೊರಟು ದಾದರಿನಲ್ಲಿ ಲೋಕಲ್ ಬದಲಿಸಿ ಮಲಾಡಿಗೆ ಬರುವಷ್ಟರಲ್ಲಿ ಬೇರೆಯವರು ಸುಸ್ತಾಗುತ್ತಾರೆ. ಅವರು ಮಾತ್ರ ವಾಡಿಯ ಗೇಟಿನಿಂದಲೇ ಚುರುಕಾಗಿ ನಡೆಯುತ್ತಿದ್ದರು. ಮಂಚದ ಮೇಲೂ ಹಲಗೆಯ ಹಾಗೇ ಮಲಗುತ್ತಿದ್ದರು. ನಾನು ಎಷ್ಟು ದೂಡಿದರೂ ಆಚೆ ಸರಿಯುತ್ತಿದ್ದರೇ ಹೊರತು ಅಗಲವಾಗುತ್ತಿರಲಿಲ್ಲ.

ಅವರಿಗೊಂದು ಹಟವಿತ್ತು, ಫ್ಯಾನು. ಹೋಟೆಲಿನ ಒಲೆಯ ಬಿಸಿಯಲ್ಲಿ ಪ್ರಾಯ ಕಳೆದವರು. ಅಲ್ಲಿ ಫ್ಯಾನು ಇದ್ದದ್ದು ಗಿರಾಕಿಗಳ ಮೇಲೆ ಮತ್ತು ಗಲ್ಲಾದ ಮೇಲೆ, ಕೆಲಸದವರು ಅದರ ಕೆಳಗೆ ನಿಲ್ಲುವಂತಿಲ್ಲ. ನನಗೆ ಊರಿನಲ್ಲಿ ಕರೆಂಟೇ ಇರಲಿಲ್ಲ, ಫ್ಯಾನಿನ ಆಸೆಯೂ ಇರಲಿಲ್ಲ. ಅವರು ಎಲ್ಲಿಂದಲೋ ಬ್ಯಾಟರಿಯಿಂದ ತಿರುಗುವ ಒಂದು ಪುಟ್ಟ ಫ್ಯಾನು ತಂದು ಮಂಚದ ತಲೆಯ ಹತ್ತಿರ ಕೂರಿಸಿದರು. ಅದರ ಗಾಳಿ ಒಬ್ಬರಿಗೆ ಸಾಕು. ನನ್ನನ್ನೇ ಅದರ ಎದುರು ಕೂರಿಸಿ ತಾವು ಬಾಗಿಲ ಹತ್ತಿರ ನಿಂತು "ಗಾಳಿ ಬತ್ತಾ?" ಎಂದು ಕೇಳುತ್ತಿದ್ದರು. ಬರುತ್ತದೆ ಎಂದರೆ ಸಾಕು, ಅವರ ಮೈಗೇ ತಾಗಿದ ಹಾಗೆ ಕಣ್ಣು ಮುಚ್ಚುತ್ತಿದ್ದರು.

ತೊಂದರೆ ಬಂದದ್ದು ಬ್ಯಾಟರಿಯಿಂದ. ಕರೆಂಟಿಗೆ ಅರ್ಜಿ ಹಾಕಿದರೆ, ಗೋಡೆಯಿಲ್ಲದ್ದಕ್ಕೆ ಮೀಟರ್ ಕೊಡುವುದಿಲ್ಲ ಎಂದು ಆಫೀಸಿನವರು ನಕ್ಕು ಕಳಿಸಿದರು. ಹಾಗಾಗಿ ಬ್ಯಾಟರಿಯನ್ನು ಚಾರ್ಜ್ ಮಾಡಿಸಲು ಸ್ಟೇಷನ್ ರಸ್ತೆಯ ಅಂಗಡಿಗೆ ಹೊರಬೇಕು. ಲಾರಿಯ ಬ್ಯಾಟರಿ, ಹೆಣಭಾರ. ಗೋಣಿ ಹಾಕಿ ಹೆಗಲ ಮೇಲೆ ಇಟ್ಟುಕೊಂಡು ಹೋಗುತ್ತಿದ್ದರು. ಒಳಗಿನ ಆಸಿಡ್ ಚೆಲ್ಲಿ ಅಂಗಿಗಳಲ್ಲಿ ತೂತು ಬಿದ್ದವು, ಹೆಗಲಿನ ಚರ್ಮ ಸುಲಿಯಿತು. ಸಂಜೆಗೆ ಫ್ಯಾನು ನಿಧಾನವಾಗುತ್ತ ಬಂದರೆ ಮಕ್ಕಳಿಗೆ ಜ್ವರ ಬಂದ ಮನೆಯವರ ಹಾಗೆ ಅದನ್ನೇ ನೋಡುತ್ತಿದ್ದರು. ಮಳೆಗಾಲ ಬರುವುದರೊಳಗೆ ಒಂದು ಸಣ್ಣ ಜನರೇಟರ್ ತಂದುಬಿಡಬೇಕು, ಬ್ಯಾಟರಿ ಇದ್ದಲ್ಲೇ ಚಾರ್ಜ್ ಆಗಬೇಕು ಎಂದು ತೀರ್ಮಾನ ಮಾಡಿದರು.

ಹೋಟೆಲಿನ ಹಿಂದಿನ ಗಲ್ಲಿಯಲ್ಲೇ ದಸ್ತಗೀರ್ ಎನ್ನುವವರ ವರ್ಕ್‌ಶಾಪ್ ಇತ್ತು. ಬಿಜಾಪುರದ ಕಡೆಯವರು, ಮನೆಯಲ್ಲಿ ದಖನಿ ಉರ್ದು, ನಮ್ಮ ಹತ್ತಿರ ಕನ್ನಡ. ಡೈನಮೋ ಸುತ್ತುವ ಕೆಲಸ, ಹಳೆಯ ಇಂಜಿನು ತಂದು ರಿಪೇರಿ ಮಾಡಿ ಮಾರುವ ಕೆಲಸ. ದಿನಾ ಮಧ್ಯಾಹ್ನ ಇವರ ಹೋಟೆಲಿಗೆ ಊಟಕ್ಕೆ ಬರುತ್ತಿದ್ದರು. ಅವರ ಹತ್ತಿರ ಆಗ ಮೂರು ಜನರೇಟರು ಇದ್ದವು. ವಾರದ ರಜೆಯ ದಿನ ನಮ್ಮವರು ನನ್ನನ್ನೂ ಕರೆದುಕೊಂಡು ಹೋದರು. ನನಗೆ ಅದೇನು ತಿಳಿಯುತ್ತದೆ ಎಂದರೂ ಕೇಳಲಿಲ್ಲ. ಮನೆಗೆ ಬರುವ ವಸ್ತು, ಇಬ್ಬರೂ ನೋಡಬೇಕು ಎಂದರು.

ಒಂದು ಮಿಲಿಟರಿಯವರು ಹರಾಜು ಹಾಕಿದ್ದು. ಹಸಿರು ಬಣ್ಣ, ಕಬ್ಬಿಣದ ಚೌಕಟ್ಟು, ಹೊಗೆಯನ್ನು ದೂರ ಒಯ್ಯುವುದಕ್ಕೆ ಆನೆಯ ಸೊಂಡಿಲಿನ ಹಾಗೆ ಉದ್ದನೆಯ ಒಂದು ಪೈಪು. ಇನ್ನೊಂದು ಮದುವೆ ಮೆರವಣಿಗೆಗೆ ದೀಪ ಉರಿಸುವವರು ಮಾರಿದ್ದು, ಸೀಮೆಎಣ್ಣೆಯದು. ಶುರು ಮಾಡಿದರೆ ಗಲ್ಲಿಯ ನಾಯಿಗಳು ಓಡಿದವು. ಮೂರನೆಯದು ಜಪಾನಿನದು, ಹಡಗಿನಿಂದ ಇಳಿದದ್ದು. ಕೆಂಪಗೆ, ಸೂಟ್‌ಕೇಸಿನಷ್ಟೇ ದೊಡ್ಡದು, ಮೇಲೊಂದು ಹಿಡಿಕೆ. ಪೆಟ್ರೋಲ್ ಹಾಕಿ ಹಗ್ಗ ಎಳೆದರೆ ಹೊಲಿಗೆ ಮಿಷನ್ನಿನ ಹಾಗೆ ಸದ್ದು.

ನಮ್ಮವರು ಒಂದೇ ದಿನಕ್ಕೆ ತೀರ್ಮಾನ ಮಾಡಲಿಲ್ಲ. ಮೂರು ರಜೆ ಅಲ್ಲಿಗೇ ಹೋದೆವು. ಪ್ರತಿಯೊಂದನ್ನೂ ಶುರು ಮಾಡಿಸಿ, ಸುತ್ತ ನಡೆದು, ಬಗ್ಗಿ, ಮುಟ್ಟಿ, ಮತ್ತೆ ನಿಲ್ಲಿಸುತ್ತಿದ್ದರು. ದಸ್ತಗೀರ್ ಸ್ಟೂಲಿನ ಮೇಲೆ ಕೂತು ಬೀಡಿ ಸೇದುತ್ತ ನೋಡುತ್ತಿದ್ದರು.

"ಏನ್ರಿ ಶೆಟ್ರ, ಹೆಣ್ಣ್ ನೋಡಾಕ ಬಂದೀರೇನು? ಹಿಂಗ ಮೂರ್ ಮೂರ್ ಸಲ ನೋಡಿ ಎಬ್ಬಿಸಿ ಕೂರಿಸಿದ್ರ ಹೆಣ್ಣಿನ ಕಡಿಯವ್ರು ಬಾಗಿಲಾ ಹಾಕ್ತಾರ ನೋಡ್ರಿ."

ದಸ್ತಗೀರರಿಗೆ ಮಿಲಿಟರಿಯದನ್ನು ಕೊಡಿಸುವ ಮನಸ್ಸಿತ್ತು. ಒಳಗಿನ ತಂತಿಯೆಲ್ಲ ಅಸಲಿ ತಾಮ್ರ, ಇನ್ನೊಂದು ತಲೆಮಾರು ನಡೆಯುತ್ತದೆ ಎನ್ನುತ್ತಿದ್ದರು. ಮೂರನೆಯ ರಜೆಯ ದಿನ ನಮ್ಮವರು ಜೇಬಿನಿಂದ ಬಿಳಿ ಬಟ್ಟೆ ತೆಗೆದರು. ಅದನ್ನು ರಜೆಯ ದಿನವೂ ತಂದಿದ್ದಾರೆ ಎಂದು ನನಗೆ ಆಗಲೇ ಗೊತ್ತಾದದ್ದು. ಮಿಲಿಟರಿಯದನ್ನು ಶುರು ಮಾಡಿಸಿ ಅದರ ಪೈಪಿನ ಬಾಯಿಗೆ ಬಟ್ಟೆಯ ಒಂದು ಮೂಲೆಯನ್ನು ಹಿಡಿದರು. ಮಸಿ ಬಳಿದ ಹಾಗೆ ಕಪ್ಪಾಯಿತು. ಸೀಮೆಎಣ್ಣೆಯದಕ್ಕೆ ಎರಡನೆಯ ಮೂಲೆ. ಕಂದು ಕಲೆ, ಎಣ್ಣೆಯ ಹನಿ, ಕಣ್ಣು ಉರಿಯುವ ಹೊಗೆ. ಕೆಂಪು ಜನರೇಟರಿಗೆ ಮೂರನೆಯ ಮೂಲೆ ಹಿಡಿದು ಬಹಳ ಹೊತ್ತು ನಿಂತರು. ಬಟ್ಟೆ ಗಾಳಿಗೆ ಅಲುಗಿತು, ಅಷ್ಟೇ. ತೆಗೆದು ಬೆಳಕಿಗೆ ಹಿಡಿದು ನೋಡಿದರು. ಮೂಗಿಗೆ ಹಿಡಿದರು. ಆಮೇಲೆ, ತೊಳೆದ ಲೋಟ ತೋರಿಸುವ ಹಾಗೆ ನನಗೆ ತೋರಿಸಿದರು.

"ಕಾಣ್," ಎಂದರು. "ಕೊಳೆ ಇಲ್ಲೆ."

ದಸ್ತಗೀರ್ ಬೀಡಿ ಬಾಯಿಂದ ತೆಗೆದು ನಕ್ಕರು. ಮೂವತ್ತು ವರ್ಷದ ಕಸುಬಿನಲ್ಲಿ ಜನರೇಟರನ್ನು ಕರ್ಚೀಫಿನಿಂದ ಪಾಸು ಮಾಡಿದವರನ್ನು ಇವತ್ತೇ ಕಂಡದ್ದು ಎಂದರು. ಒಯ್ಯುವಾಗ, ಇಂಜಿನು ಬಿಸಿಯಾಗುತ್ತದೆ, ಬಯಲಿನಲ್ಲಿ ಇಡಿ ಎಂದು ಹೇಳಿದ್ದು ನನಗೂ ಕೇಳಿಸಿತ್ತು. ನಮ್ಮವರು ಆಗಲಿ ಎಂದರು. ಲೋಕಲಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಹಿಡಿಕೆಯ ಮೇಲೆ ಎರಡೂ ಕೈ ಇಟ್ಟು ಬಂದರು.

ಆಮೇಲಿನ ಕೆಲವು ವಾರ ನಮ್ಮ ಒಳ್ಳೆಯ ಕಾಲ. ಜನರೇಟರನ್ನು ದೂರದ ತೆಂಗಿನ ಮರದ ಬುಡದಲ್ಲಿ ಇಟ್ಟು ಉದ್ದದ ವಯರು ಎಳೆದು, ವ್ಯಾನಿನ ನೆಲದಲ್ಲಿ ಕೊರೆದ ತೂತಿನಿಂದ ಅದನ್ನು ಮಂಚದ ಕೆಳಗಿನ ಬ್ಯಾಟರಿ ಪೆಟ್ಟಿಗೆಗೆ ತಂದಿದ್ದರು. ವಾರಕ್ಕೆ ಒಂದು ಸಲ, ರಜೆಯ ದಿನ ಓಡಿಸಿದರೆ ಸಾಕಾಗುತ್ತಿತ್ತು. ಫ್ಯಾನು ತಿರುಗುತ್ತಿತ್ತು, ದೀಪ ಉರಿಯುತ್ತಿತ್ತು. ಅವರ ಹೆಗಲಿನ ಗಾಯ ಒಣಗಿತು.

ಮಳೆ ಹಿಡಿಯಿತು. ಮುಂಬಯಿಯ ಮಳೆ ನಿಲ್ಲುವುದೇ ಇಲ್ಲ ಎಂದು ಕೇಳಿದ್ದೆ, ಕಂಡೆ. ಆ ರಜೆಯ ದಿನ ಊಟವಾದ ಮೇಲೆ ನಾನು ಅಕ್ಕಿ ಹಿಟ್ಟು ಮಾಡಿಸಲು ಸ್ಟೇಷನ್ ಹತ್ತಿರದ ಗಿರಣಿಗೆ ಹೊರಟೆ. ಬ್ಯಾಟರಿ ಎರಡು ದಿನದಿಂದ ಸತ್ತ ಹಾಗಿತ್ತು, ಇವತ್ತು ಚಾರ್ಜ್ ಮಾಡದೆ ಆಗದು ಎಂದು ಅವರು ಜನರೇಟರಿನ ಮೇಲಿನ ಗೋಣಿ ತೆಗೆಯುತ್ತಿದ್ದರು. ಮರದ ಬುಡದಲ್ಲಿ ನೀರು ನಿಂತಿತ್ತು. ವಾಡಿಯ ಮುದುಕಿಗೆ ಮಧ್ಯಾಹ್ನದ ನಿದ್ದೆ ಬೇಕು, ಸದ್ದು ಮಾಡಬಾರದು ಎನ್ನುವುದೂ ಅವರ ಮನಸ್ಸಿನಲ್ಲಿ ಇದ್ದಿರಬೇಕು. ಕೊಡೆ ಬಿಡಿಸುತ್ತ ನಾನು, ಊಟ ಮಾಡಿದ್ದೀರಿ, ಸ್ವಲ್ಪ ಮಲಗಿ ಎಂದೆ. "ನೀ ಬಪ್ಪತಿಗೆ ಫ್ಯಾನ್ ರೆಡಿ" ಎಂದರು.

ಗಿರಣಿಯಲ್ಲಿ ಗರ್ದಿ ಇತ್ತು, ಆಮೇಲೆ ಮಳೆ ಜೋರಾಗಿ ಅಲ್ಲೇ ನಿಲ್ಲಬೇಕಾಯಿತು. ಹಿಂದಿರುಗಿ ಬರುವಾಗ ಜನರೇಟರಿನ ಸದ್ದು ಇರಲಿಲ್ಲ. ವ್ಯಾನಿನ ಅಡಿಯಲ್ಲಿ ಅದನ್ನು ಇಟ್ಟು, ಮಳೆ ಎರಚದ ಹಾಗೆ ಸುತ್ತ ತಾಡಪಾಲು ಇಳಿಬಿಟ್ಟು ಕಲ್ಲು ಹೇರಿದ್ದರು. ಪೆಟ್ರೋಲ್ ಮುಗಿದು ತಾನೇ ನಿಂತಿತ್ತು. ಬಾಗಿಲು, ಕಿಟಕಿ ಎಲ್ಲ ಹಾಕಿತ್ತು. ನಾನು ಬಾಗಿಲನ್ನು ಪೂರ್ತಿ ತೆರೆದೆ. ಅವರು ಮಂಚದ ಮೇಲೆ ಮಲಗಿದ್ದರು. ಅಂಗಾತ, ಎದೆಯ ಮೇಲೆ ಕೈ, ಪಾದ ಜೋಡಿಸಿ.

ಎಬ್ಬಿಸಬಾರದು ಅನಿಸಿತು. ಮಧ್ಯಾಹ್ನದ ಹೊತ್ತು ಅವರು ಮಲಗಿದ್ದನ್ನು ನಾನು ಮದುವೆಯಾದ ಮೇಲೆ ಕಂಡದ್ದೇ ಇಲ್ಲ. ಮುಖದಲ್ಲಿ ಬಣ್ಣ ಬಂದಿತ್ತು. ತುಟಿ ಕೆಂಪಗಿತ್ತು, ಉಗುರು ಕೂಡ ಕೆಂಪಗಿತ್ತು. ಒಂದು ನಿದ್ದೆಗೆ ಎಷ್ಟು ಆರೋಗ್ಯ ಬರುತ್ತದೆ ಎಂದು ನನಗೆ ಸಂತೋಷವಾಯಿತು. ಶಬ್ದ ಮಾಡದೆ ಹಿಟ್ಟಿನ ಡಬ್ಬ ಇಟ್ಟೆ. ಕೈ ಚಾಚಿ ಫ್ಯಾನಿನ ಗುಂಡಿ ಒತ್ತಿದೆ. ಬ್ಯಾಟರಿ ತುಂಬಿತ್ತು. ಆ ಫ್ಯಾನು ಅಷ್ಟು ಜೋರಾಗಿ ತಿರುಗಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವರ ಹಣೆಯ ಕೂದಲು ಹಾರಿತು. ಇವತ್ತು ಗಾಳಿ ಅವರಿಗೇ ಇರಲಿ ಎಂದು ಅದನ್ನು ಅವರ ಕಡೆಗೇ ತಿರುಗಿಸಿ, ಬಾಗಿಲಲ್ಲಿ ಕೂತು ಒದ್ದೆ ಸೆರಗು ಹಿಂಡಿಕೊಂಡೆ. ಆಮೇಲೆ ಚಹಾ ಮಾಡಲು ಎದ್ದಾಗ ಜಾಗ ಸಣ್ಣದಾದ್ದರಿಂದ ಅವರ ಪಾದ ನನ್ನ ಕೈಗೆ ತಾಗಿತು.

ಪಾದ ಬೆಚ್ಚಗೇ ಇತ್ತು. ಆದರೆ ಅದು ತಾಗಿದ್ದಕ್ಕೆ ಅವರು ಸರಿಯಲಿಲ್ಲ. ನಿದ್ದೆಯಲ್ಲೂ ಯಾರಾದರೂ ತಾಗಿದರೆ ಸರಿದು ಜಾಗ ಬಿಡುವ ಮನುಷ್ಯ. ಅಷ್ಟರಿಂದಲೇ ನನಗೆ ತಿಳಿದುಹೋಯಿತು. ಮೂಗಿಗೆ ಬೆರಳು ಹಿಡಿದೆ. ಫ್ಯಾನಿನ ಗಾಳಿ ಬೆರಳಿಗೆ ತಾಗುತ್ತಿತ್ತು, ಅದು ಉಸಿರೋ ಗಾಳಿಯೋ ಎಂದು ಗೊತ್ತಾಗಲಿಲ್ಲ. ಫ್ಯಾನು ನಿಲ್ಲಿಸಿ ಮತ್ತೆ ಹಿಡಿದೆ.

ಆಮೇಲಿನದು ನನಗೆ ಸಾಲಾಗಿ ನೆನಪಿಲ್ಲ. ಮುದುಕಿ ಓಡಿ ಬಂದದ್ದು, ಪೊಲೀಸರು, ಆಸ್ಪತ್ರೆಯ ಉದ್ದನೆಯ ಬೆಂಚು. ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಇಂಜಿನಿನಿಂದ ಒಂದು ಗ್ಯಾಸು ಬರುತ್ತದೆ, ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ನೆಲದ ತೂತಿನಿಂದ ಒಳಗೆ ಬಂದು ತುಂಬಿದೆ, ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಆ ಕೆಂಪು ಬಣ್ಣ ಕೂಡ ಅದರಿಂದಲೇ ಬಂದದ್ದು. ನಾನು ಮತ್ತೆ ಮತ್ತೆ ಒಂದೇ ಮಾತು ಹೇಳಿದೆನಂತೆ, ಅದರಲ್ಲಿ ಹೊಗೆ ಇಲ್ಲ, ಅವರು ಬಟ್ಟೆ ಹಿಡಿದು ನೋಡಿದ್ದಾರೆ ಎಂದು. ಡಾಕ್ಟರಿಗೆ ಅರ್ಥವಾಗಲಿಲ್ಲ.

ಹೋಟೆಲಿನವರೇ ನಿಂತು ಸಂಸ್ಕಾರ ಮಾಡಿಸಿದರು. ಮರುದಿನ ದಸ್ತಗೀರ್ ಬಂದರು. ವಾಡಿಯ ಗೇಟಿನ ಒಳಗೆ ಬರಲು ಅವರಿಗೆ ಆಗಲಿಲ್ಲ, ಅಲ್ಲೇ ನಿಂತಿದ್ದರು. ನಾನೇ ಹೋದೆ. "ಬಯಲಾಗ ಇಡ್ರಿ ಅಂದಿದ್ದೆ ಅಕ್ಕಾ. ಇಂಜಿನ್ ಕಾಯ್ತದಂತ ಅಂದಿದ್ದೆ. ಮನಷ್ಯಾನ ಹಿಂಗ ತಗೋತದಂತ ನನಗೂ ಗೊತ್ತಿರಲಿಲ್ರಿ" ಎಂದರು. ಅದನ್ನು ವಾಪಸು ಒಯ್ಯುತ್ತೇನೆ, ಇಲ್ಲಿ ಇರುವುದು ಬೇಡ ಎಂದರು. ನಾನು ಒಯ್ಯಿರಿ ಎಂದೆ. ಆದರೆ ಒಯ್ಯುವ ಮೊದಲು ಒಂದು ಸಲ ಶುರು ಮಾಡಿ ತೋರಿಸಿ ಎಂದೆ. ಅವರು ನನ್ನ ಮುಖ ನೋಡಿದರು, ಬೇಡವೆನ್ನಲಿಲ್ಲ.

ಬಯಲಿನಲ್ಲಿ ಇಟ್ಟು ಹಗ್ಗ ಎಳೆದರು. ಅದೇ ಹೊಲಿಗೆ ಮಿಷನ್ನಿನ ಸದ್ದು. ನಾನು ಅದರ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ನೋಡಿದೆ. ಏನೂ ಕಾಣಿಸಲಿಲ್ಲ. ಆಚೆಯ ಹುಲ್ಲು ಸ್ವಚ್ಛವಾಗಿ ಕಾಣುತ್ತಿತ್ತು. ಅಂಗೈ ಹಿಡಿದೆ. ಮಗುವಿನ ಮುಖದ ಹತ್ತಿರ ಕೈ ಹಿಡಿದರೆ ಬರುವಂಥ ಬೆಚ್ಚನೆಯ ಗಾಳಿ. ಇಷ್ಟೇನಾ ಎಂದು ಕೇಳಿದೆ. ಇಷ್ಟೇ ಎಂದರು ದಸ್ತಗೀರ್. ಅವರು ಆಮೇಲೆ ಅದನ್ನು ಯಾರಿಗೂ ಮಾರಲಿಲ್ಲವೆಂದು ಹೋಟೆಲಿನವರು ಹೇಳಿದರು. ಬಿಚ್ಚಿ, ಬಿಡಿ ಭಾಗ ಮಾಡಿ, ತೂಕಕ್ಕೆ ಹಾಕಿದರಂತೆ.

ಉತ್ತರಕ್ರಿಯೆಗೆ ನನ್ನನ್ನು ಬಸ್ಸಿನಲ್ಲಿ ಊರಿಗೆ ಕಳಿಸಿದರು. ಇನ್ನು ಇಲ್ಲೇ ಇರು, ಆ ಗಾಡಿಯನ್ನು ಗುಜರಿಗೆ ಹಾಕಿಸು ಎಂದು ಎಲ್ಲರೂ ಹೇಳಿದರು. ಕ್ರಿಯೆಗಳು ಮುಗಿದವು, ನೆಂಟರು ಹೋದರು, ಮನೆಯಲ್ಲಿ ಮೊದಲಿನ ಹಾಗೆ ಅತ್ತೆ ಮತ್ತು ನಾನು. ನಾನು ದನಕ್ಕೆ ಹುಲ್ಲು ಹಾಕಿದೆ, ಬಾವಿಯಿಂದ ನೀರು ಸೇದಿದೆ. ಮುಂಬಯಿಯಲ್ಲಿ ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಇದ್ದದ್ದು ಅಲ್ಲಿ ಇರಲಿಲ್ಲ. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು. ದುಃಖ ಇಷ್ಟು ಬೇಗ ಇಳಿಯುತ್ತದೆಯೇ ಎಂದು ನನಗೇ ಆಶ್ಚರ್ಯವಾಗುತ್ತಿತ್ತು.

ಒಂದು ದಿನ ಪಕ್ಕದ ಮನೆಯ ಹುಡುಗ ಮುಂಬಯಿಗೆ ಹೊರಟಿದ್ದ. ನಮ್ಮ ಕಡೆ ಯಾರಾದರೂ ಹೊರಟರೆ ಮನೆಮನೆಯಿಂದ ಅವರ ಕೈಗೆ ಕಟ್ಟು ಕೊಡುವುದುಂಟು. ಅತ್ತೆ ಅಟ್ಟದಿಂದ ಹಲಸಿನ ಹಪ್ಪಳ ಇಳಿಸಿದರು, ಹಳೆಯ ಪೇಪರಿನಲ್ಲಿ ಸುತ್ತಿದರು. ಹೋಟೆಲಿನಲ್ಲಿ ಅವನಿಗೆ ಇದೆಲ್ಲ ಎಲ್ಲಿ ಸಿಗಬೇಕು ಎಂದರು. ಹೌದೆಂದೆ. ಅವರು ಕಟ್ಟನ್ನು ಅದುಮಿ ಹಿಡಿದರು, ನಾನು ಬಾಳೆಯ ನಾರು ಸುತ್ತಿ ಗಂಟು ಹಾಕಿದೆ. ಒಡೆಯದ ಹಾಗೆ ಮೇಲೆ ಇಟ್ಟುಕೊಳ್ಳಲು ಹುಡುಗನಿಗೆ ಹೇಳಬೇಕು ಎಂದೂ ಹೇಳಿದೆ. ಎರಡನೆಯ ಗಂಟು ಬಿಗಿಯುವಾಗ ಅತ್ತೆಯ ಕೈ ನಿಂತಿತು. ಇಬ್ಬರೂ ಆ ಕಟ್ಟನ್ನು ನೋಡುತ್ತ ಕೂತೆವು. ಅದನ್ನು ಯಾರಿಗೆಂದು ಕಟ್ಟಿದ್ದು ಎಂದು ಇಬ್ಬರಿಗೂ ಬಾಯಿಬಿಟ್ಟು ಹೇಳಲಾಗಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಹೇಳಿದರು, "ನೀ ಹೋಗ್ ಮಗಾ. ಇಲ್ಲಿದ್ರೆ ನಾವಿಬ್ರೂ ಅವ ಬತ್ತ ಅಂದೇ ಕಾಯ್ತಾ ಕೂಕಂತ್."

ನಾನು ಆ ಹುಡುಗನ ಜೊತೆಯಲ್ಲೇ ಹೊರಟು ಬಂದೆ. ಈಗ ಹೋಟೆಲಿಗೆ ಸಾರಿನ ಪುಡಿ, ಚಟ್ನಿಪುಡಿ ಮಾಡಿಕೊಡುತ್ತೇನೆ. ಮುದುಕಿ ಜಾಗ ಖಾಲಿ ಮಾಡು ಎಂದು ಈವರೆಗೆ ಹೇಳಿಲ್ಲ. ಈ ಗಾಡಿಯಲ್ಲಿ ಹೇಗೆ ಇರುತ್ತೀ, ಹೆದರಿಕೆಯಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನಾನು ಬಂದ ದಿನದ್ದನ್ನು ಅವರಿಗೆ ಹೇಳುವುದಿಲ್ಲ.

ಆ ದಿನ ದಾದರಿನಲ್ಲಿ ಲೋಕಲ್ ಬದಲಿಸಿ ಮಲಾಡಿನಲ್ಲಿ ಇಳಿದು ಮಳೆಯಲ್ಲೇ ನಡೆದು ಬಂದೆ. ಬೀಗ ತೆಗೆದೆ. ಒಳಗೆ ಹೋಗಿ ಚೀಲ ಇಳಿಸಿ ಮಂಚದ ಮೇಲೆ, ಅವರು ಬಿಡುತ್ತಿದ್ದ ಅಗಲದ ಜಾಗದಲ್ಲಿ ಕೂತೆ. ನಾನು ಊರಿನಲ್ಲಿ ಇದ್ದಾಗ ಅವರು ಮುಂಬಯಿಯಲ್ಲಿ ಇರುತ್ತಿದ್ದರು. ಅವರನ್ನು ಕಾಣದೆ ಇರುವುದು ನನಗೆ ಅಭ್ಯಾಸವೇ ಆಗಿತ್ತು. ಈಗ ನಾನು ಮುಂಬಯಿಯಲ್ಲಿದ್ದೆ, ಅವರ ಮನೆಯೊಳಗೇ ಕೂತಿದ್ದೆ. ಮದುವೆಯಾದ ಮೇಲೆ ಮೊದಲ ಸಲ, ಅವರು ಎಲ್ಲಿಯೂ ಇರಲಿಲ್ಲ.